ಟೀಚರ ಬೆರಳಿನ ತಾಳ

ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂರುವ ಕೆಟ್ಟ ಚಾಳಿ ನನಗಿದೆ. ಹೆಂಡತಿ ಹೇಳಿದಳು, ಡಾಕ್ಟರು ಹೇಳಿದರು, ಕೊನೆಗೆ ಬೆನ್ನೇ ಹೇಳಿತು, ಕೇಳಲಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಒಂದು ಪುಟ್ಟ ಫೈಲು ತೆರೆದಾಗ ಮಾತ್ರ ತಾನಾಗಿ ನೆಟ್ಟಗಾಗುತ್ತೇನೆ. ಅದರ ಕತೆ ಶುರುವಾದದ್ದು ಕೊಪ್ಪದ ಬಸ್ ಸ್ಟ್ಯಾಂಡ್ ಎದುರಿನ ಒಂದು ಮಹಡಿಯಲ್ಲಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಅಲ್ಲಿ ವಿಶಾಲಾಕ್ಷಿ ಟೀಚರ್ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಒಂದು ಗೋಡೆಗೆ ಎಂಟು ಟೈಪ್‌ರೈಟರ್, ಇನ್ನೊಂದು ಗೋಡೆಗೆ ಎರಡು ಕಂಪ್ಯೂಟರ್. ಆ ಎರಡಕ್ಕೆ ನಾನು ಮೇಷ್ಟ್ರು. ಶೃಂಗೇರಿ, ಹರಿಹರಪುರ, ಎನ್.ಆರ್. ಪುರದ ಬಸ್ಸಿಳಿದು ಬಂದವರು ಹತ್ತು ಗಂಟೆಯ ಬ್ಯಾಚಿಗೆ ಕೂತರೆ, ಟೀಚರ್ ಮೇಜಿಗೆ ಸ್ಕೇಲು ಬಡಿದು ತಾಳ ಹಾಕುವರು: ಎ, ಎಸ್, ಡಿ, ಎಫ್. ಎಂಟು ಯಂತ್ರದಿಂದಲೂ ಒಂದೇ ಸದ್ದು ಬರಬೇಕು. ಒಬ್ಬರ ಬೆರಳು ಮುಂದೆ ಓಡಿದರೂ ಎಲ್ಲರೂ ಮತ್ತೆ ಮೊದಲಿಂದ.

ಆಗ ನನಗೊಂದು ಹುಚ್ಚಿತ್ತು. ಪತ್ರಗಳಿಗೆ ಗುಟ್ಟಿನ ಬೀಗ ಹಾಕುವ ಒಂದು ಸಾಫ್ಟ್‌ವೇರ್ ಲೈಬ್ರರಿ, ಎಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಕೋಡಿನ ಕಂತೆ. ಯಾರು ಬೇಕಾದರೂ ಅದರ ಒಳಗನ್ನು ನೋಡಿ, ತಿದ್ದಿ ಕಳಿಸಬಹುದು. ದೇಶದೇಶದ ಜನ ಪುಕ್ಕಟೆ ದುಡಿದು ಕಟ್ಟುತ್ತಿದ್ದರು. ಅದರಲ್ಲಿ ನನ್ನದೂ ಒಂದಿಷ್ಟು ಸಾಲು ಇರಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ಆ ವಯಸ್ಸಿನಲ್ಲಿ ನನಗಿರಲಿಲ್ಲ.

ಹೊಸ ಕೀಲಿ ಮಾಡುವಾಗ ಆ ಲೈಬ್ರರಿ ‘ಮನಬಂದಂತೆ ಟೈಪ್ ಮಾಡಿ’ ಎನ್ನುತ್ತಿತ್ತು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವಿನ ಅಡ್ಡಾದಿಡ್ಡಿ ಸಮಯದಿಂದ, ಯಾರೂ ಊಹಿಸಲಾಗದ ಕೀಲಿ ಹುಟ್ಟಬೇಕು. ಆದರೆ ಮನಬಂದಂತೆ ಇರುವುದು ಅಷ್ಟು ಸುಲಭವೇ? ಅಂಗಡಿಯಲ್ಲಿ ಹೊಸ ಪೆನ್ನು ಕೊಟ್ಟು ಏನಾದರೂ ಗೀಚಿ ನೋಡಿ ಎಂದರೆ ನಾವು ನಮ್ಮ ಸಹಿಯನ್ನೇ ಗೀಚುತ್ತೇವೆ. ನಮ್ಮ ಕ್ಲಾಸಿನವರಿಗಂತೂ ಮನಬಂದಂತೆ ಎಂದರೆ ಎ, ಎಸ್, ಡಿ, ಎಫ್. ಅದೂ ಟೀಚರ ತಾಳದಲ್ಲಿ! ಲೈಬ್ರರಿ ಅದನ್ನೂ ಒಪ್ಪಿಕೊಂಡು ಕೀಲಿ ಕೊಟ್ಟುಬಿಡುತ್ತಿತ್ತು. ಊಹಿಸಬಹುದಾದ ಕೀಲಿ ಇದ್ದರೇನು, ಬಿಟ್ಟರೇನು? ಟೈಪಿಂಗ್ ಇಷ್ಟು ಸಮವಾಗಿದ್ದರೆ ಬೇಡವೆನ್ನುವ ಮೂವತ್ತು ಸಾಲು ಬರೆದೆ. ಪುರಾವೆಗೆಂದು ಟೀಚರನ್ನೇ ಕೂರಿಸಿ, ಅವರ ಬೆರಳಿನ ಸಮಯಗಳ ಪಟ್ಟಿ ಮಾಡಿ ಜೊತೆಗೆ ಕಳಿಸಿದೆ.

ವಾರದ ಮೇಲೆ, ಲೈಬ್ರರಿ ನೋಡಿಕೊಳ್ಳುತ್ತಿದ್ದ ವಿದೇಶದ ಮಹಾಶಯನಿಂದ ಉತ್ತರ ಬಂತು. ಮನುಷ್ಯರು ಹೀಗೆ ಟೈಪ್ ಮಾಡುವುದಿಲ್ಲ, ಇದು ಯಂತ್ರದ್ದು, ನಿಮ್ಮ ತಿದ್ದುಪಡಿ ಬೇಡ. ನನಗೆ ಅಳು ಬಂತು. ಟೀಚರಿಗೆ ಸಿಟ್ಟು ಬಂತು.

“ಎಂತ? ಯಂತ್ರ ಅಂದ್ನಾ? ಮೂವತ್ತು ವರ್ಷ ಬೇಕಾಯ್ತು ಮಾರಾಯ ಈ ಬೆರಳು ಪಳಗ್ಸಕ್ಕೆ! ಏಳು, ಇನ್ನೊಂದ್ಸಲ ಹೊಡಿತೀನಿ.”

ಹೊಡೆದರು. ಮೊದಲಿಗಿಂತಲೂ ಸಮವಾಗಿ! ಪಕ್ಕದ ಸ್ಟೂಲಿನಲ್ಲಿ ಕುಗ್ಗಿ, ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದೆ. ಅರ್ಧದಲ್ಲಿ ಅವರ ಕೈ ನಿಂತಿತು.

“ಬೆನ್ನು ನೆಟ್ಟಗೆ ಮಾಡು! ಮೇಷ್ಟ್ರೇ ಹೀಗೆ ಕೂತ್ರೆ ಉಳಿದೋರು ಎಂತ ಕಲೀತಾರೆ?”

ನಾನು ನೆಟ್ಟಗಾದ ಮೇಲೆಯೇ ಮುಂದಿನ ಅಕ್ಷರ. ಬೇರೆ ದಾರಿ ಕಾಣದೆ ಆ ಪಟ್ಟಿಯನ್ನೇ ಕಳಿಸಿದೆ. ನಡುವೆ ನಾಲ್ಕು ಸೆಕೆಂಡ್ ಏನಾಯಿತು ಎಂದು ಮಹಾಶಯ ಕೇಳಿದ. ನಾಚಿಕೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮರುದಿನವೇ ಉತ್ತರ: ಯಂತ್ರ ಯಾರನ್ನೂ ಬೈಯುವುದಿಲ್ಲ, ಒಪ್ಪಿದ್ದೇನೆ.

ನನ್ನ ಸಾಲುಗಳ ಜೊತೆ ಟೀಚರ ಪಟ್ಟಿಯೂ ಪರೀಕ್ಷೆಯ ಫೈಲಾಗಿ ಲೈಬ್ರರಿಗೆ ಸೇರಿತು. ಯಾವ ದೇಶದಲ್ಲಿ ಯಾರು ಏನು ತಿದ್ದಿದರೂ ಆ ಪಟ್ಟಿಯನ್ನು ಓಡಿಸಿ ನೋಡಬೇಕು. ಲೈಬ್ರರಿ ಅದನ್ನು ಬೇಡವೆಂದು ತಳ್ಳಿದರೆ ಮಾತ್ರ ಎಲ್ಲ ಸರಿಯಿದೆ ಎಂದರ್ಥ.

“ನಾನು ಫೇಲಾದ್ರೆ ಅದು ಪಾಸಾ? ಲಾಯ್ಕದ ಪರೀಕ್ಷೆ!” ಎಂದು ನಕ್ಕ ಟೀಚರ್, ಇಡೀ ಬ್ಯಾಚಿಗೆ ಕಾಫಿ ತರಿಸಿದರು.

ಆ ಕ್ಲಾಸು ಈಗಿಲ್ಲ. ನನ್ನ ಮೂವತ್ತು ಸಾಲನ್ನೂ ಯಾರೋ ಬುದ್ಧಿವಂತರು ಅಳಿಸಿ, ಹನ್ನೆರಡೇ ಸಾಲಿನಲ್ಲಿ ಚೆನ್ನಾಗಿ ಬರೆದಿದ್ದಾರೆ. ಟೀಚರೂ ಹೋಗಿಬಿಟ್ಟರು. ಅವರ ಪಟ್ಟಿ ಮಾತ್ರ ಹಾಗೇ ಇದೆ. ನೋಡಬೇಕೆನಿಸಿದಾಗ ತೆರೆದು, ಸಂಖ್ಯೆಗಳನ್ನು ಮೇಲಿನಿಂದ ಓದುತ್ತಾ ಬರುತ್ತೇನೆ. ಎಲ್ಲವೂ ಸಮ, ಸಮ, ಸಮ. ನಡುವೆ ಒಂದೇ ಒಂದು ದೊಡ್ಡ ಸಂಖ್ಯೆ, ಆ ನಾಲ್ಕು ಸೆಕೆಂಡು. ಅಲ್ಲಿಗೆ ಬಂದಾಗ ಬೆನ್ನು ನೆಟ್ಟಗೆ ಮಾಡುತ್ತೇನೆ. ಆಮೇಲೆಯೇ ಮುಂದಿನ ಸಾಲಿಗೆ ಹೋಗುವುದು.