ನನ್ನ ಮೇಲೆ ಯಾರೂ ಸಂಶಯಪಡಲಿಲ್ಲ

೨೦೧೪ರ ಬೇಸಿಗೆಯಲ್ಲಿ ನಾನು ಲಂಡನ್ನಿನ ಫೆಲ್ಥಮ್‌ನಲ್ಲಿ ಒಂದು ಆಹಾರ ಸಾಮಗ್ರಿ ವೇರ್‌ಹೌಸಿನ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ತಲೆಯ ಮೇಲೆ ಸದಾ ಹೀಥ್ರೋದ ವಿಮಾನಗಳು, ಕೆಳಗೆ ತಗಡಿನ ಮಾಡಿನ ಶೆಡ್ಡು. ಕುಂದಾಪುರ ಕಡೆಯ ನಾನು ಹೋದ ಮೇಲೆಯೇ ಆ ಶೆಡ್ಡಿನವರು ನಗುವುದನ್ನು ಕಲಿತದ್ದು. ಇದು ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಮ್ಯಾನೇಜರ್ ಕಾಲಿನ್‌ನ ಕುರ್ಚಿಯನ್ನು ದಿನವೂ ಒಂದು ಕೂದಲೆಳೆಯಷ್ಟು ಇಳಿಸುತ್ತ ಹೋಗಿ, ತಾನು ಕುಳ್ಳಗಾಗುತ್ತಿದ್ದೇನೆಂಬ ಭಯದಲ್ಲಿ ಆತ ಡಾಕ್ಟರ ಬಳಿ ಬೆನ್ನು ತೋರಿಸಿಕೊಂಡು ಬರುವಂತೆ ಮಾಡಿದವನು ನಾನೇ. ವಿಷಯ ತಿಳಿದಾಗ ಅವನೂ ನಕ್ಕ. ನಾನು ಏನು ಮಾಡಿದರೂ ನಗುವುದು ಅಲ್ಲಿಯವರಿಗೆ ಅಭ್ಯಾಸವಾಗಿಹೋಗಿತ್ತು. ಆ ಅಭ್ಯಾಸದ ಮೇಲೆ ನನಗೆ ಸಿಟ್ಟು ಬಂದದ್ದು ಆ ವರ್ಷ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಶೆಡ್ಡಿಗೆ ವಾರಕ್ಕೊಂದು ಲಾರಿ ಗ್ರೀಸ್ ದೇಶದ ಈಶಾನ್ಯ ಮೂಲೆಯ ಥ್ರೇಸ್ ಎಂಬ ಸೀಮೆಯಿಂದ ಬರುತ್ತಿತ್ತು. ಆ ಕಡೆ ಟರ್ಕಿ, ಈ ಕಡೆ ಬಲ್ಗೇರಿಯ, ನಡುವೆ ಗಡಿ. ಆಲಿವ್, ಚೀಸ್, ಜೇನು, ಎಳ್ಳಿನ ಹಲ್ವಾ, ಹಂದಿಮಾಂಸದ ಸಾಸೇಜು, ಎಲ್ಲವೂ ಒಂದೇ ಲಾರಿಯಲ್ಲಿ. ಆಗ ಬ್ರಿಟನ್ನು ಇನ್ನೂ ಯುರೋಪಿಯನ್ ಯೂನಿಯನ್ನಿನೊಳಗೇ ಇತ್ತು. ಗ್ರೀಸಿನಿಂದ ಮಾಲು ಬಂದರೆ ಕಸ್ಟಮ್ಸ್ ತಪಾಸಣೆ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಸಿಗರೇಟಿಗೆ ಮಾತ್ರ ಇಲ್ಲಿ ಭಾರೀ ಸುಂಕ ಕಟ್ಟಬೇಕು. ಆ ಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಿಗರೇಟನ್ನು ಸುಂಕ ತಪ್ಪಿಸಿ ಲಂಡನ್ನಿಗೆ ಮುಟ್ಟಿಸಿದವನಿಗೆ ಹಬ್ಬವೋ ಹಬ್ಬ.

ಆ ಸೀಮೆಯಿಂದಲೇ ಬಂದ ಒಬ್ಬ ನಮ್ಮಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹೆಸರು ಹಸನ್. ಪಾಸ್‌ಪೋರ್ಟು ಗ್ರೀಸಿನದು, ಮನೆಮಾತು ಟರ್ಕಿಶ್, ಮನೆತನದ ಕಸುಬು ಹೊಗೆಸೊಪ್ಪಿನ ಬೆಳೆ. ಒಂದು ಕಾಲಕ್ಕೆ ಗ್ರೀಸು, ಟರ್ಕಿ ಎರಡೂ ದೇಶಗಳು ಧರ್ಮ ನೋಡಿ ಜನರನ್ನು ಅದಲುಬದಲು ಮಾಡಿಕೊಂಡಾಗ ಆ ಸೀಮೆಯ ಮುಸ್ಲಿಮರನ್ನು ಮಾತ್ರ ಅಲ್ಲೇ ಬಿಟ್ಟರಂತೆ. ಬಿಟ್ಟರು ನಿಜ, ನಂಬಲಿಲ್ಲ. "ಊರಲ್ಲಿ ನಾನು ತುರ್ಕಿಯವ, ಲಂಡನ್ನಿನ ತುರ್ಕಿ ಅಂಗಡಿಗಳಲ್ಲಿ ನಾನು ಗ್ರೀಕ. ವಾಸು, ನೀನಾದ್ರೂ ಒಂದು ಹೆಸರಿಡು" ಎನ್ನುತ್ತಿದ್ದ. ನಾನು ‘ಕುಂದಾಪುರದವ’ ಎಂದು ಹೆಸರಿಟ್ಟೆ. ಅವನ ಬಾಯಲ್ಲಿ ಅದು ಹೊರಳುತ್ತಿರಲಿಲ್ಲ.

ನನಗೂ ಅವನಿಗೂ ಒಂದು ಒಪ್ಪಂದವಿತ್ತು. ಅವನು ಹಂದಿಮಾಂಸದ ಪ್ಯಾಲೆಟ್ ಮುಟ್ಟುವುದಿಲ್ಲ, ನಾನು ದನದ ಮಾಂಸದ್ದು ಮುಟ್ಟುವುದಿಲ್ಲ. ಪ್ಯಾಲೆಟ್ ಎಂದರೆ ಮರದ ಹಲಗೆಗಳ ಚೌಕಟ್ಟು. ಅದರ ಮೇಲೆ ಪೆಟ್ಟಿಗೆ ಪೇರಿಸಿ, ಪ್ಲಾಸ್ಟಿಕ್ ಸುತ್ತಿ, ಫೋರ್ಕ್‌ಲಿಫ್ಟಿನಲ್ಲಿ ಎತ್ತುವುದು. ಅವನ ಹಂದಿ ನನಗೆ, ನನ್ನ ದನ ಅವನಿಗೆ. ಕ್ವಾಲಿಟಿ ಕಂಟ್ರೋಲಿನ ಗ್ರೇಸ್, ಮಂಗಳೂರು ಕಡೆಯ ಕ್ಯಾಥೊಲಿಕ್ ಹೆಂಗಸು, ನಮ್ಮಿಬ್ಬರ ಮಡಿ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನೀವಿಬ್ರು ಬಿಡಿ ಮಾರಾಯ್ರೆ, ಎರಡನ್ನೂ ನಾನು ತಿಂದು ಮುಗಿಸ್ತೇನೆ" ಎನ್ನುವಳು. ಕಂಪನಿಯ ನಿಯಮದಲ್ಲಿ ಇಂಥದ್ದಕ್ಕೆ ಜಾಗವಿಲ್ಲ. ಆದರೆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಂಗಳವಾರ ನನ್ನ ರಜೆ. ಆ ದಿನ ಸಾಸೇಜಿನ ಪ್ಯಾಲೆಟ್ಟುಗಳನ್ನು ನೋಡಿಕೊಳ್ಳುತ್ತಿದ್ದವನು ಶೇಖರ. ನಮ್ಮ ಕಡೆಯ ಹುಡುಗ. ನಾನೇ ಕರೆತಂದು ಕೆಲಸಕ್ಕೆ ಸೇರಿಸಿದ್ದೆ. ವೆಂಬ್ಲಿಯ ಕನ್ನಡದವರ ಗಣೇಶ ಹಬ್ಬಕ್ಕೆ ಮುಂದೆ ನಿಂತು ಓಡಾಡುವವನು ಅವನೇ.

ಜುಲೈಯ ಒಂದು ಬೆಳಿಗ್ಗೆ ನಾನು ಇಳಿಸುತ್ತಿದ್ದ ಸಾಸೇಜಿನ ಪ್ಯಾಲೆಟ್ ವಾಲಿತು. ಪೆಟ್ಟಿಗೆಗಳು ನೆಲಕ್ಕೆ ಬಿದ್ದು ಒಡೆದವು. ಒಂದರೊಳಗಿಂದ ಸಾಸೇಜಿನ ಬದಲು ಸಿಗರೇಟಿನ ಪ್ಯಾಕುಗಳು ಚೆಲ್ಲಿದವು. ಉಳಿದ ಪೆಟ್ಟಿಗೆಗಳಿಗೆಲ್ಲ ಪಾರದರ್ಶಕ ಟೇಪು, ಇದಕ್ಕೆ ಮಾತ್ರ ಕಂದು ಟೇಪು. ಅದನ್ನು ನಾನು ಕಣ್ಣಲ್ಲೇ ಗುರುತು ಹಾಕಿಕೊಂಡೆ.

ಕಾಲಿನ್ ಬಂದ. ಮಾಲಿನ ಮಾಲೀಕ ಯಾನಿಸ್‌ಗೆ ಫೋನ್ ಹೋಯಿತು. ಯಾನಿಸ್ ಕೂಡ ಥ್ರೇಸಿನವನೇ, ಗ್ರೀಕ್ ಕ್ರೈಸ್ತ. ಲಂಡನ್ನಿನಲ್ಲಿ ಕೂತು ಊರಿನ ಮಾಲು ತರಿಸಿ ಮಾರುವ ವ್ಯಾಪಾರಿ. ಅವನು ಬಂದವನು ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ನೇರ ಹಸನ್‌ನ ಕಡೆ ಬೆರಳು ತೋರಿಸಿದ. ಗಡಿಯ ಆ ಹಳ್ಳಿಗಳು ಬದುಕುವುದೇ ಕಳ್ಳಸಾಗಣೆಯಿಂದ, ಇವನು ವರ್ಷವರ್ಷ ಊರಿಗೆ ಹೋಗುವುದು ಮತ್ತೇಕೆ, ಇವರನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ ಎಂದು ಎಲ್ಲರೆದುರು ಹೇಳಿದ. ಹಸನ್ ಫೋರ್ಕ್‌ಲಿಫ್ಟಿನ ಮೇಲೆ ಕೂತೇ ಇದ್ದ. ಕೆಳಗಿಳಿಯುವುದನ್ನೂ ಮರೆತಿದ್ದ.

ನಾನು ಕಾಲಿನ್‌ನ ಕೋಣೆಗೆ ಹೋಗಿ ನಮ್ಮ ಒಪ್ಪಂದವನ್ನು ಬಿಚ್ಚಿ ಹೇಳಿದೆ. ಹಸನ್ ಜನ್ಮದಲ್ಲಿ ಆ ಪ್ಯಾಲೆಟ್ಟಿಗೆ ಕೈ ಹಾಕಿದವನಲ್ಲ, ಅದು ನನ್ನದು, ಸಂಶಯಪಡುವುದಿದ್ದರೆ ನನ್ನ ಮೇಲೆ ಪಡು ಎಂದೆ. ಕಾಲಿನ್ ನಕ್ಕ. ಬೆನ್ನನ್ನು ಕುರ್ಚಿಗೆ ಒರಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನೀನಾ? ಹೋಗಯ್ಯ ವಾಸು. ಮುಸ್ಲಿಮನ ಹೆಸರು ಹಂದಿಮಾಂಸದ ಹತ್ತಿರ ಸುಳಿಯಲ್ಲ ಅಂತ ಎಲ್ರಿಗೂ ಗೊತ್ತು. ಅದಕ್ಕೇ ಅವನು ಅಲ್ಲಿ ಇಟ್ಟಿದ್ದು. ಜಾಣ ಅಲ್ವಾ?"

ಮುಟ್ಟಿದ್ದರೆ ಮುಟ್ಟಿದ್ದಕ್ಕೆ ಕಳ್ಳ, ಮುಟ್ಟದಿದ್ದರೆ ಮುಟ್ಟದ್ದಕ್ಕೆ ಕಳ್ಳ. ಇತ್ತ ಮಾಲು ನನ್ನ ಕೈಯಲ್ಲೇ ಒಡೆದು ಬಿದ್ದರೂ ನಾನು ತಮಾಷೆಯ ಮನುಷ್ಯ. ಕಳ್ಳತನ ನನ್ನದೆಂದು ಬಾಯಿಬಿಟ್ಟು ಹೇಳಿದರೂ ಕೊಳ್ಳುವವರಿಲ್ಲ.

ಹಸನ್‌ನನ್ನು ಮನೆಗೆ ಕಳಿಸಿದರು. ಮುಂದಿನ ವಾರ ಮುಗಿಯುವುದರೊಳಗೆ ತಾನಾಗಿಯೇ ರಾಜೀನಾಮೆ ಕೊಟ್ಟರೆ ಪೊಲೀಸರಿಗೆ ಹೇಳುವುದಿಲ್ಲ, ಇಲ್ಲವಾದರೆ ಹೇಳುತ್ತೇವೆ ಎಂದರು. ಅವನು ಆ ಸಂಜೆ ಫೋನಿನಲ್ಲಿ ಸಹಿ ಹಾಕಿಬಿಡುತ್ತೇನೆ ಎಂದ. ಚಿಕ್ಕವನಿದ್ದಾಗ ಅವನ ಅಪ್ಪನ ಹೊಗೆಸೊಪ್ಪಿನ ಹೊಲದ ಕೆಳಗಿನ ರಸ್ತೆಯಲ್ಲಿ ಯಾರೋ ಕಳ್ಳಮಾಲು ಎಸೆದು ಓಡಿಹೋಗಿದ್ದರಂತೆ. ಹೊಲ ನಿನ್ನದು, ಮಾಲೂ ನಿನ್ನದೇ ಎಂದು ಪೊಲೀಸರು ಅಪ್ಪನನ್ನು ಹಿಡಿದುಕೊಂಡು ಹೋದರು. ಅಪ್ಪ ಹೇಳಿದಲ್ಲಿ ಸಹಿ ಹಾಕಿ ಮನೆಗೆ ಬಂದ. ಅಂದಿನಿಂದ ಅವರದು ಕಳ್ಳನ ಮನೆ.

"ಅಪ್ಪ ಸಹಿ ಹಾಕಿದ್ದಕ್ಕೆ ನಾನು ಅವರ ಹತ್ರ ವರ್ಷಗಟ್ಟಲೆ ಸರಿಯಾಗಿ ಮಾತಾಡ್ಲಿಲ್ಲ, ವಾಸು. ಈಗ ಅರ್ಥವಾಗ್ತಿದೆ, ಸುಸ್ತಾಗಿ ಹಾಕಿದ್ರು."

ಗಡುವಿನ ಕೊನೆಯ ದಿನದ ತನಕ ಪೆನ್ನು ಮುಟ್ಟಬೇಡ ಎಂದು ನಾನು ಬೈದು ಫೋನಿಟ್ಟೆ.

ಕ್ಯಾಂಟೀನಿನಲ್ಲಿ ಆ ವಾರವೆಲ್ಲ ಅದೇ ಮಾತು. ಶೇಖರ ನನ್ನೆದುರು ಚಹಾ ಇಟ್ಟು ಕೂತು, "ಹ್ವಾಯ್ ವಾಸಣ್ಣ, ಆ ಜನ್ವೇ ಹಾಂಗೆ ಕಾಣಿ. ನಮ್ಮ್ ಊರಂಗೂ ಕಂಡಿದ್ವಲ್ದಾ?" ಎಂದ. ಸುತ್ತ ಕೂತ ನಮ್ಮವರು ತಲೆಯಾಡಿಸಿದರು. ‘ಆ ಜನ’ ಎನ್ನುವ ಮಾತು ಕರಾವಳಿಯಿಂದ ಹೊರಟು ಲಂಡನ್ನಿಗೆ ಬಂದು, ಥ್ರೇಸಿನ ಗಡಿಯಲ್ಲಿ ಹುಟ್ಟಿದ ಯಾನಿಸ್‌ನ ಮಾತಿನ ಪಕ್ಕದಲ್ಲಿ ಹೊಂದಿಕೊಂಡು ಕೂತಿತು. ಅದಕ್ಕೆ ವೀಸಾ ಬೇಡ.

ಸಾಸೇಜಿನ ಪ್ಯಾಲೆಟ್ ಮುಟ್ಟುವವರು ಇಬ್ಬರೇ, ನಾನು ಮತ್ತು ಶೇಖರ. ನಾನು ಕದ್ದಿಲ್ಲ ಎಂದು ನನಗೆ ಖಾತ್ರಿಯಿತ್ತು. ಲೆಕ್ಕ ಕಷ್ಟದ್ದಲ್ಲ, ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಎರಡು ದಿನ ಯಾರಿಗೂ ಹೇಳದೆ ಒದ್ದಾಡಿ ಕೊನೆಗೆ ಗ್ರೇಸಳಿಗೆ ಹೇಳಿದೆ. ಯಾವ ಪೆಟ್ಟಿಗೆಯನ್ನಾದರೂ ತೆರೆದು ನೋಡುವ ಅಧಿಕಾರ ಶೆಡ್ಡಿನಲ್ಲಿ ಅವಳಿಗಿತ್ತು.

ಸೋಮವಾರ ಹೊಸ ಲಾರಿ ಬಂತು. ಹಳೆಯ ಮಾಲು ಸಿಕ್ಕಿಬೀಳುವ ಮೊದಲೇ ಹೊರಟ ಲಾರಿ ಅದು. ಸಾಸೇಜಿನ ಸಾಲಿನಲ್ಲಿ ಮತ್ತೆ ಕಂದು ಟೇಪಿನ ಪೆಟ್ಟಿಗೆಗಳಿದ್ದವು. ಗ್ರೇಸ್ ಕಾಲಿನ್‌ನನ್ನು ಮಾತ್ರ ಕರೆಸಿ ಅವನೆದುರೇ ಒಂದನ್ನು ತೆರೆದಳು. ಅದೇ ಸಿಗರೇಟು. ಹಸನ್ ಮನೆಯಲ್ಲಿ ಕೂತಿದ್ದಾನೆ, ಇದನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ನಾನು ಕೇಳಿದೆ. ಅವನಿಗೊಬ್ಬ ಜೊತೆಗಾರ ಇರಬೇಕು ಎಂದ ಕಾಲಿನ್. ನೋಡಿ, ಎಲ್ಲಿ ಹೋದರೂ ಹಸನ್‌ನ ಹೆಸರಿಗೇ ಬಂದು ಮುಟ್ಟುವ ದಾರಿ. ಸರಿ, ಹಾಗಾದರೆ ಆ ಜೊತೆಗಾರನನ್ನು ಹಿಡಿಯೋಣ ಎಂದೆ. ಒಪ್ಪಿದ.

ಸಿಗರೇಟುಗಳನ್ನೆಲ್ಲ ತೆಗೆದು ಕಾಲಿನ್‌ನ ಕೋಣೆಯಲ್ಲಿ ಬೀಗ ಹಾಕಿ ಇಟ್ಟೆವು. ಖಾಲಿ ಪೆಟ್ಟಿಗೆಗಳಿಗೆ ಏನು ತುಂಬುವುದು? ಮರಳೋ ರದ್ದಿ ಕಾಗದವೋ ಸಾಕು ಎಂದ ಕಾಲಿನ್. ಕಲ್ಪನಾಶಕ್ತಿ ಇಲ್ಲದ ಮನುಷ್ಯ. ಗ್ರೇಸಳ ಮನೆಯಲ್ಲಿ ಊರಿನಿಂದ ತಂದ ಒಣ ಬಂಗುಡೆ, ಒಣ ಸಿಗಡಿ ಕವರಿನ ಮೇಲೆ ಕವರು ಹಾಕಿ ಕಟ್ಟಿಟ್ಟದ್ದು ನನಗೆ ಗೊತ್ತಿತ್ತು. ಅವಳ ಫ್ಲ್ಯಾಟಿನ ಮೇಲಿನವರು ಒಮ್ಮೆ ಕೌನ್ಸಿಲ್ಲಿಗೆ ದೂರು ಕೊಟ್ಟ ಮಾಲು ಅದು. "ನನ್ನ ಸಿಗಡಿ ಚಟ್ನಿ ಹೋಯ್ತಲ್ಲ ಮಾರಾಯ್ರೆ" ಎಂದು ಗೊಣಗಿದಳು, ಆದರೆ ಅದೇ ಮಧ್ಯಾಹ್ನ ಮನೆಗೆ ಹೋಗಿ ಎಲ್ಲವನ್ನೂ ತಂದಳು. ಕವರು ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಕಂದು ಟೇಪು ಹಚ್ಚಿ ಕೋಲ್ಡ್ ಸ್ಟೋರಿನ ಸಾಲಿಗೆ ಸೇರಿಸಿದೆವು. ತಣ್ಣಗಿರುವ ತನಕ ಮೀನು ಸುಮ್ಮನಿರುತ್ತದೆ.

ಮಂಗಳವಾರ ಲಂಡನ್ನಿನಲ್ಲಿ ಅಪರೂಪದ ಬಿಸಿಲು. ನನ್ನ ರಜೆ. ಮಧ್ಯಾಹ್ನ ಕಳೆದ ಮೇಲೆ ಗ್ರೇಸ್ ಫೋನ್ ಮಾಡಿ ಬನ್ನಿ ಎಂದಷ್ಟೇ ಹೇಳಿದಳು. ನಾನು ಹೋಗುವಾಗ ಕಾರ್ ಪಾರ್ಕಿಗೆ ಕಾಲಿಟ್ಟದ್ದೇ ತಡ, ನಮ್ಮೂರಿನ ಬಂದರಿಗೆ ಬಂದ ಹಾಗಾಯಿತು. ವಾಸನೆ ಶೇಖರನ ಕಾರಿನ ಡಿಕ್ಕಿಯಿಂದ ಬರುತ್ತಿತ್ತು. ಸೆಕ್ಯೂರಿಟಿಯವನು ಮೂಗು ಮುಚ್ಚಿಕೊಂಡು ಡಿಕ್ಕಿ ತೆಗೆಸಿದ. ಕಂದು ಟೇಪಿನ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಕಾಲಿನ್ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

"ಎಂತ ಶೇಖರ, ಇವತ್ತ್ ಊಟಕ್ಕೆ ಬಂಗ್ಡಿ ಗಸಿಯಾ?" ಎಂದೆ.

ಅವನು ಪೆಟ್ಟಿಗೆ ನೋಡಿದ, ನನ್ನನ್ನು ನೋಡಿದ. ಒಳಗಿರುವುದು ಮೀನು ಎಂದು ಅವನಿಗೆ ಆಗಲೇ ಮೂಗು ಹೇಳಿತ್ತು. ಸಿಗರೇಟು ಕಾಲಿನ್‌ನ ಕೋಣೆಯಲ್ಲಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಹತ್ತಿರ ಬಂದು, ಕಾಲಿನ್‌ಗೆ ತಿಳಿಯದ ನಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿದ.

"ವಾಸಣ್ಣ, ಇದೆಲ್ಲ ನಿಮ್ಮ್ ತಮಾಷಿ ಅಂದ್ ಹೇಳಿ ಬಿಡಿ. ಕಾಲಿನ್ ನಂಬ್ತಾ. ಹ್ಯಾಂಗೂ ಆ ಸಾಬ ಹೋಯ್ ಆಯ್ತ್. ನೀವ್ ನಮ್ಮವ್ರ್ ಅಲ್ದಾ?"

ಒಂದು ಮಾತಿನ ಕೆಲಸ. ಪೆಟ್ಟಿಗೆಗಳನ್ನು ತಮಾಷೆಗೆ ನಾನೇ ಅವನ ಡಿಕ್ಕಿಯಲ್ಲಿ ಇಡಿಸಿದ್ದು ಎಂದು ಹಲ್ಲು ಕಿಸಿದರೆ ಶೇಖರ ಅದನ್ನೇ ಹಿಡಿದುಕೊಂಡು ಬಚಾವಾಗುತ್ತಿದ್ದ. ಜೊತೆಗಾರನೂ ಇಲ್ಲ, ಏನೂ ಇಲ್ಲ ಎಂದು ಕಾಲಿನ್ ರಾಜೀನಾಮೆಯ ಕಾಗದವನ್ನು ಹಸನ್‌ನ ಮುಂದಿಡುತ್ತಿದ್ದ. ಜನ್ಮವಿಡೀ ನಾನು ಮಾಡಿದ ತಮಾಷೆಗಳೆಲ್ಲ ಒಟ್ಟಾಗಿ ಬಂದು ಕಳ್ಳನ ಪರ ಸಾಕ್ಷಿ ಹೇಳಲು ನಿಂತ ಹಾಗಾಯಿತು. ಶೇಖರನ ಮೇಲಿನ ಸಿಟ್ಟಿಗಿಂತ ಆ ‘ನಮ್ಮವ್ರ್’ ಮೇಲೆ ಬಂದ ಸಿಟ್ಟು ದೊಡ್ಡದು. ನಾನು ಕಾಲಿನ್ ಕಡೆ ತಿರುಗಿ, ಅವನು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಸಾಬ ಎಂಬುದನ್ನು ಯಾವ ದನಿಯಲ್ಲಿ ಹೇಳುತ್ತಾರೆ ಎನ್ನುವುದನ್ನೂ ವಿವರಿಸಿದೆ. ಅವತ್ತು ಕಾಲಿನ್ ನಗಲಿಲ್ಲ.

ಪೊಲೀಸರ ತನಿಖೆಯಲ್ಲಿ ಇನ್ನೊಂದು ತುದಿಯೂ ಸಿಕ್ಕಿತು. ಥ್ರೇಸಿನಲ್ಲಿ ಪೆಟ್ಟಿಗೆ ತುಂಬಿ ಕಂದು ಟೇಪು ಹಚ್ಚುತ್ತಿದ್ದವನು ಯಾನಿಸ್‌ನ ಸ್ವಂತ ಭಾವಮೈದುನ. ಹುಟ್ಟಿದಾಗಿನಿಂದ ಜನರನ್ನು ಬಲ್ಲವನಿಗೆ ಹೆಂಡತಿಯ ತಮ್ಮನನ್ನು ತಿಳಿಯಲು ಪುರಸೊತ್ತು ಸಿಕ್ಕಿರಲಿಲ್ಲ. ಹಸನ್‌ನನ್ನು ವಾಪಸು ಕರೆದರು. ಕಾಲಿನ್ ಇದೊಂದು ತಪ್ಪುತಿಳಿವಳಿಕೆ ಎಂದ. ಯಾನಿಸ್ ಒಂದು ಡ್ರಮ್ ಆಲಿವ್ ತಂದುಕೊಟ್ಟ. ಹಸನ್ ಫೋರ್ಕ್‌ಲಿಫ್ಟಿನಲ್ಲಿ ಆ ಡ್ರಮ್ಮನ್ನು ಎತ್ತಿಕೊಂಡು ಹೋಗಿ ಯಾನಿಸ್‌ನ ಕಾರಿನ ಮುಂದೆ, ಕಾರು ಹೊರಡದ ಹಾಗೆ ಇಟ್ಟ. "ಕಳ್ಳ ಅಂದಿದ್ದು ಎಲ್ಲರ ಎದುರಿಗೆ. ಕಳ್ಳ ಅಲ್ಲ ಅನ್ನೋದನ್ನೂ ಎಲ್ಲರ ಎದುರಿಗೆ ಹೇಳು, ಆಮೇಲೆ ತೆಗೀತೀನಿ" ಎಂದ. ಯಾನಿಸ್ ಬಿಸಿಲಲ್ಲಿ ತುಂಬ ಹೊತ್ತು ನಿಂತ. ಕೊನೆಗೆ ಶೆಡ್ಡಿನೊಳಗೆ ಬಂದು ಎಲ್ಲರ ನಡುವೆ ನಿಂತು ಹೇಳಿದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ, ಒಂದು ಪದವನ್ನೂ ಅವನು ನುಂಗಬಾರದು ಎಂದು.

ನಮ್ಮವರ ಕಡೆಯಿಂದ ಹಾಗೆ ಹೇಳಿದವರು ಯಾರೂ ಇಲ್ಲ. ಆ ವರ್ಷದ ಗಣೇಶ ಹಬ್ಬದಲ್ಲಿ ನಾನು ಎಲೆ ಹಾಕಿ ಕೂತರೆ ಪಕ್ಕದವರು ಎದ್ದು ಬೇರೆ ಸಾಲಿಗೆ ಹೋದರು. ನಮ್ಮ ಹುಡುಗನನ್ನು ಹಿಡಿದುಕೊಟ್ಟಿರಲ್ಲ, ಅದೂ ಯಾರಿಗೋಸ್ಕರ ಎಂದು ಹಿರಿಯರೊಬ್ಬರು ಕೇಳಿದರು. ನಾನು ಅವರ ಎಲೆಯ ಹೋಳಿಗೆಯನ್ನೂ ಎತ್ತಿ ತಿಂದೆ.

ನಾನು ರಿಟೈರ್ ಆದ ಮೇಲೆ, ೨೦೧೭ರಲ್ಲಿ, ಹಸನ್ ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಗಡಿಯ ಹತ್ತಿರದ ರಸ್ತೆಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದರು. ಒಳಗೆ ಹತ್ತಿ ಎಲ್ಲರ ಮುಖ ನೋಡಿ, ನನ್ನೊಬ್ಬನನ್ನೇ ಕೆಳಗಿಳಿಯಲು ಹೇಳಿದರು. ಟರ್ಕಿಯ ಕಡೆಯಿಂದ ನದಿ ದಾಟಿ ಕಳ್ಳದಾರಿಯಲ್ಲಿ ಬರುವವರ ಬಣ್ಣ ನನ್ನದು. ಬ್ರಿಟಿಷ್ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ನನಗೆ ತಿಳಿದ ಭಾಷೆಗಳಲ್ಲೆಲ್ಲ ತಮಾಷೆ ಮಾಡಿ ನೋಡಿದೆ, ಒಬ್ಬನೂ ನಗಲಿಲ್ಲ. ಯಾರೂ ಹೇಳದಿದ್ದರೂ ಹಸನ್ ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತ. ತನ್ನ ಗುರುತಿನ ಚೀಟಿಯನ್ನು ತಾನೇ ಅವರ ಕೈಗೆ ಕೊಟ್ಟು, ನನ್ನ ಕಿವಿಯಲ್ಲಿ ಹೇಳಿದ.

"ಕೊನೆಗೂ ಯಾರೋ ನಿನ್ನ ಮೇಲೆ ಸಂಶಯಪಟ್ರಲ್ಲ, ವಾಸು. ಸಮಾಧಾನ ಆಯ್ತಾ?"

ಇಷ್ಟು ವರ್ಷಗಳಲ್ಲಿ ನನ್ನನ್ನು ತಮಾಷೆಯಲ್ಲಿ ಸೋಲಿಸಿದವನು ಅವನೊಬ್ಬನೇ. ಶೆಡ್ಡಿನ ಕೆಲಸ ನನಗೆ ಕಲಿಸಿದ್ದು ಇಷ್ಟು: ಕೆಟ್ಟ ಮಾಲು ಸಿಕ್ಕಾಗ ಅದು ಯಾವ ಊರಿನದೆಂದು ಕೂಗುವವರ ಮಾತು ಕೇಳಬಾರದು. ಬಾಯಿ ಮುಚ್ಚಿಕೊಂಡು, ಅದನ್ನು ಎತ್ತಿಕೊಂಡು ಹೋಗಲು ಬರುವವನು ಯಾರೆಂದು ಕಾದು ನೋಡಬೇಕು. ಬಂದವನು ನಮ್ಮವನೇ ಆಗಿದ್ದರೆ ಬಾಯಿ ತೆರೆಯಬೇಕು. ಬಸ್ಸು ನಮಗಾಗಿ ಕಾಯುತ್ತಿತ್ತು. ಒಳಗಿನವರೆಲ್ಲ ಕಿಟಕಿಯಿಂದ ನಮ್ಮಿಬ್ಬರನ್ನೂ ಕಳ್ಳರನ್ನು ನೋಡುವ ಹಾಗೆ ನೋಡುತ್ತಿದ್ದರು.