ಒಂದೇ ಟಿಕೆಟ್ಟಿಗೆ ಎರಡು ಸಲ

ಹತ್ತಿ ಮಾರಲು ಅಮರಗೋಳದ ಮಾರುಕಟ್ಟೆಗೆ ಬರುತ್ತಿದ್ದ ಒಬ್ಬ ವರ್ತಕರು ಹುಬ್ಬಳ್ಳಿಯಲ್ಲಿ ಕಂಪನಿ ನಾಟಕ ನೋಡದೆ ಊರಿನ ಬಸ್ಸು ಹತ್ತಿದವರಲ್ಲ. ಕೂರುವುದು ಮಾತ್ರ ಕಟ್ಟಕಡೆಯ ಅಗ್ಗದ ಸಾಲಿನಲ್ಲಿ. ಹಾಡು ಮುಗಿದೊಡನೆ ಹೆಗಲ ಮೇಲಿನ ಟವೆಲ್ ಬೀಸಿ ‘ಒನ್ಸ್ ಮೋರ್!’ ಎಂದು ಗರ್ಜಿಸುವರು. ಪಕ್ಕದಲ್ಲಿ ಕೂರುತ್ತಿದ್ದ ನನಗೆ ಅರ್ಥಶಾಸ್ತ್ರದ ಉಪದೇಶವೂ ಆಗುತ್ತಿತ್ತು: “ಒಂದ ಟಿಕೀಟಿಗೆ ಎರಡ ಸಲ ಕೇಳಬೇಕ್ರಿ, ಮಾಸ್ತರ.”

ಒಂದು ದಿನ ಮಧ್ಯಾಹ್ನದ ಆಟದಲ್ಲಿ ನಾಯಕಿಯ ಹಾಡು ಮುಗಿಯುತ್ತಲೇ ಪರದೆ ಬಿತ್ತು. ಮ್ಯಾನೇಜರ್ ಹೊರಬಂದು, “ಮುಂದಿನ ಆಟಕ್ಕ ಹೊತ್ತಾಗೇತ್ರಿ, ಇವತ್ತ ಒನ್ಸ್ ಮೋರ್ ಇಲ್ಲ” ಎಂದರು.

ವರ್ತಕರು ಬೆಂಚು ಹತ್ತಿ ನಿಂತರು. “ನಮ್ಮೂರ ಬಸ್ ಹೋದ್ರ ಹೋಗ್ಲಿ, ಹಾಡ ಬಿಡೂದಿಲ್ರಿ!”

ಹಿಂದಿನ ಬೆಂಚುಗಳು ಕೂಗಿದವು. ಮುಂದಿನ ಸೋಫಾದ ಗಣ್ಯರೂ ಮರ್ಯಾದೆ ಮರೆತು ಕೂಗಿದರು. ಪರದೆ ಮೇಲೇರಿತು. ನಾಯಕಿ ಸೋಫಾಗಳ ಆಚೆಗೆ ಕಣ್ಣು ಹಾಯಿಸಿ ಕೊನೆಯ ಸಾಲಿನತ್ತ ಕೈಮುಗಿದಳು.

“ಕುಂದರ್ರಿ ಅಣ್ಣಾರ, ಹಾಡ್ತೇನಿ.”

ಅವರು ರಾಜ್ಯ ಗೆದ್ದವರ ಗಾಂಭೀರ್ಯದಿಂದ ಕೂತರು.