ಅತ್ತಿವೇರಿಯಾಚೆಯ ಪ್ರಾರ್ಥನೆ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೇ ಇದ್ದೆವು: ಸಣ್ಣ ಸಭೆಯೊಂದರ ಪಾಸ್ಟರನಾದ ನಾನು, ನಮ್ಮ ಸಭೆಯ ಟೇಲರ್ ರೂತವ್ವ. ಡೋಲಕ್ ಬಾರಿಸುವ ಯಾಕೋಬನಿಗೆ ಮಿಲ್ಲಿನಲ್ಲಿ ಪಾಳಿ. ಮಿಕ್ಕವರಿಗೆ ಮದುವೆ, ನೆಗಡಿ. ಸರ್ಕಾರದ ದಯೆಯಿಂದ ರೂತವ್ವನ ಪ್ರಯಾಣ ಪುಕ್ಕಟೆ. ಗಂಡಸಾಗಿ ಹುಟ್ಟಿದ ತಪ್ಪಿಗೆ ನಾನು ಟಿಕೆಟ್ ತೆಗೆಸಿದೆ.

ಅತ್ತಿವೇರಿಯಾಚೆಯ ಒಂದು ಕೇರಿಗೆ ಹೊರಟಿದ್ದೆವು. ಹಿಂದೆ ಕೂಲಿಗೆಂದು ದಾಂಡೇಲಿಗೆ ಬಂದು ರೂತವ್ವನ ನೆರೆಯಲ್ಲಿದ್ದ ತಿಪ್ಪವ್ವ, ಊರಿಗೆ ಮರಳಿದ ಮೇಲೆ ನಮ್ಮನ್ನು ಕರೆಸಿಕೊಂಡಿದ್ದಳು. ಅವಳ ಪಡಸಾಲೆಯಲ್ಲಿ ನಾಲ್ಕಾರು ಹೆಂಗಸರ ಪ್ರಾರ್ಥನಾ ಕೂಟ ಶುರುವಾಗಿತ್ತು. ಆದರೆ ಜನವೂ ಇಲ್ಲ, ದುಡ್ಡೂ ಇಲ್ಲವೆಂದು ಅದನ್ನು ನಿಲ್ಲಿಸಲು ನಮ್ಮ ಸಭೆಯ ಹಿರಿಯರು ತೀರ್ಮಾನಿಸಿದ್ದರು. ಆ ಮಾತು ಹೇಳಿ ಬರುವ ಕೆಲಸ ನನ್ನದು. ಅದು ಒಪ್ಪಿಗೆಯಾಗದ ರೂತವ್ವ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಳು.

ಹಳಿಯಾಳದಲ್ಲಿ ಚಹಾ, ಮಿರ್ಚಿ ಭಜಿ ಆಯಿತು. ಕಲಘಟಗಿ ದಾಟುವಾಗ ಮೋಡ ಕವಿದಿತ್ತು. ಮುಂಡಗೋಡದಲ್ಲಿ ಪ್ರತಿಸಲವೂ ಮುಂದಿನ ಬಸ್ಸು ತಪ್ಪಿಸಿಕೊಳ್ಳುವುದು ನಮ್ಮ ಸಂಪ್ರದಾಯ. ಅಂದು ಮಾತ್ರ ಅದು ನಮಗಾಗಿಯೇ ಕಾದಂತೆ ನಿಂತಿತ್ತು. ಇಳಿದು ಗೋವಿನಜೋಳದ ಹೊಲದ ಬದುವಿನಲ್ಲಿ ನಡೆದು ಮನೆ ಮುಟ್ಟಿದಾಗ, ತಿಂಗಳುಗಟ್ಟಲೆ ನಾವು ಬಾರದಿದ್ದರೂ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಹೆಂಗಸರು ಕಣ್ಣು ಮುಚ್ಚಿ ಕುಳಿತಿದ್ದರು. ತಿಪ್ಪವ್ವ ಪ್ರಾರ್ಥಿಸುತ್ತಿದ್ದಳು.

"ಕರ್ತನ, ತಡಾ ಆತು, ಕ್ಷಮಿಸಪಾ. ಮುಂಡಗೋಡದಾಗ ಬಸ್ಸು ಸಿಗಲಿಲ್ಲ."

ರೂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮನೆಯಲ್ಲೇ ಕುಳಿತವಳಿಗೆ ಯಾವ ಬಸ್ಸು? ಆದರೆ ಮುಂದಿನ ಮಾತು ಕೇಳುತ್ತ ನಗು ಇಂಗಿತು. ಯಾಕೋಬನ ಪಾಳಿ ಹಗುರಾಗಲಿ, ರೂತವ್ವನ ಮೊಣಕಾಲು ನೆಟ್ಟಗಾಗಲಿ, ಅಯ್ಯನವರ, ಅಂದರೆ ನನ್ನ, ಕೆಮ್ಮು ನಿಲ್ಲಲಿ ಎಂದು ಅವಳು ಒಬ್ಬೊಬ್ಬರನ್ನೇ ನೆನೆದಳು. ನನ್ನ ಕಣ್ಣು ತುಂಬಿತು.

ಆಮೆನ್ ಆದ ಮೇಲೆ ಬಸ್ಸಿನ ವಿಷಯ ಕೇಳಿದೆ. ತಿಪ್ಪವ್ವ ನಾಚಿದಳು.

"ನೀವು ಯಾವಾಗಲೂ ಹಂಗ ಸುರು ಮಾಡ್ತಿದ್ರೆಲ್ರಿ. ಅದನ್ನ ಬಿಟ್ರ ಪ್ರಾರ್ಥನಿ ಮುಟ್ಟೂದಿಲ್ಲ ಅಂತ ತಿಳಕೊಂಡಿದ್ವಿ."

ನಾವು ಬಾರದ ವಾರಗಳಲ್ಲೂ ಅವರು ಒಮ್ಮೆಯೂ ಕೂಟ ಬಿಟ್ಟಿರಲಿಲ್ಲವಂತೆ. ಬರುವ ಹಾಡು ಒಂದೇ, ಅದನ್ನೇ ಮೂರು ಸಲ ಹಾಡುತ್ತಾರಂತೆ. ಹಿರಿಯರ ತೀರ್ಮಾನ ನನ್ನ ಬಾಯಿಂದ ಹೊರಡಲೇ ಇಲ್ಲ. ಪ್ರತಿ ವಾರ ಬರುವುದು ನಮ್ಮಿಂದಾಗದು, ತಿಂಗಳಿಗೊಮ್ಮೆ ಬರುತ್ತೇವೆ, ಕೂಟವನ್ನು ನೀನೇ ನಡೆಸು ಎಂದು ತಿಪ್ಪವ್ವನಿಗೆ ಹೇಳಿದೆ. ಓದು ಬಾರದೆಂದು ಅವಳು ಹಿಂಜರಿದಳು. ಇಷ್ಟು ದಿನ ನಡೆಸಿದವರು ಯಾರು ಎಂದು ರೂತವ್ವ ಕೇಳಿದಳು. ತಿಪ್ಪವ್ವ ನಗುತ್ತ ಊಟ ಬಡಿಸಲು ಎದ್ದಳು. ರೊಟ್ಟಿ, ಪುಂಡಿಪಲ್ಯ ಉಂಡೆವು.

ಸಂಜೆ ತಿಪ್ಪವ್ವ ಗೋವಿನಜೋಳದ ತೆನೆಗಳ ಚೀಲ ಹೊತ್ತು ಬಸ್ಸಿನವರೆಗೆ ಬಂದಳು. ಹಿರಿಯರಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ನಾನು ಬಸ್ಸು ಹತ್ತಿದೆ. ಮುಂದಿನ ಸಲ ಬೇಗ ಬರಲು ನೋಡುತ್ತೇವೆ ಎಂದೆ. ಕಿಟಕಿಯಿಂದ ಚೀಲ ಒಳಗೆ ಕೊಡುತ್ತ ಅವಳು ಹೇಳಿದಳು:

"ತಡಾ ಆದ್ರೂ ಚಿಂತಿಲ್ರಿ ಅಯ್ಯನವರ. ನಾವು ಸುರು ಮಾಡಿರ್ತೇವಿ."